ರಹದಾರಿಯ ಕೊನೆಯ ಖಾಲಿ ಪುಟ

ದೆಹಲಿಯ ಚಾಣಕ್ಯಪುರಿಯಲ್ಲಿ ಕೌಟಿಲ್ಯ ಮಾರ್ಗ ಎಂಬ ರಸ್ತೆಯಿದೆ. ನಮ್ಮ ಕರ್ನಾಟಕ ಭವನ ಇರುವುದು ಆ ರಸ್ತೆಯಲ್ಲಿ. ಕಡತ ಹಿಡಿದು ಬಂದ ಅಧಿಕಾರಿಗಳು, ಸುಪ್ರೀಂ ಕೋರ್ಟಿನ ಕೆಲಸಕ್ಕೆ ಬಂದ ವಕೀಲರು, ದೋಸೆಯ ಆಸೆಗೆ ಬಂದ ದೆಹಲಿ ಕನ್ನಡಿಗರು, ಎಲ್ಲರೂ ಓಡಾಡುವ ಜಾಗ ಅದು. ಅಲ್ಲಿಂದ ಹೊರಗೆ ಬಂದು ಶಾಂತಿಪಥದ ಕಡೆಗೆ ಸ್ವಲ್ಪ ದೂರ ನಡೆದರೆ ಊರಿನಲ್ಲಿ ಅಷ್ಟಾಗಿ ಕಾಣದ ಒಂದು ನೋಟ ಸಿಗುತ್ತದೆ: ನೀಲಿ ನಂಬರ್ ಪ್ಲೇಟಿನ ಕಾರುಗಳು. ಅವುಗಳ ಮೇಲೆ ಮೊದಲು ಒಂದು ಸಂಖ್ಯೆ, ನಂತರ 'ಸಿಡಿ' ಎಂಬ ಎರಡು ಅಕ್ಷರ, ಆಮೇಲೆ ಇನ್ನೊಂದು ಸಂಖ್ಯೆ. ಸಿಡಿ ಎಂದರೆ ಫ್ರೆಂಚಿನಲ್ಲಿ ರಾಜತಾಂತ್ರಿಕರ ಸಮೂಹ. ಮೊದಲ ಸಂಖ್ಯೆ ದೇಶದ ಗುರುತು. 77 ಎಂದಿದ್ದರೆ ಅಮೆರಿಕ.

ನಮ್ಮ ಕಾರಿನ ಪ್ಲೇಟು ಅದು ಯಾವ ಆರ್‌ಟಿಓ ಕಚೇರಿಯಲ್ಲಿ ನೋಂದಣಿಯಾಯಿತು ಎಂದು ಹೇಳುತ್ತದೆ. ಈ ನೀಲಿ ಪ್ಲೇಟು ಹೇಳುವುದು ಬೇರೆಯದನ್ನು: ಈ ಕಾರಿನ ವಿಷಯದಲ್ಲಿ ಏನಾದರೂ ಕೇಳುವುದಿದ್ದರೆ ಯಾವ ದೇಶವನ್ನು ಕೇಳಬೇಕು ಎಂಬುದನ್ನು. ಪರದೇಶದ ರಸ್ತೆಯಲ್ಲಿ ಗಾಡಿ ಓಡಿಸುವ ಮನುಷ್ಯನ ಇಡೀ ಚರಿತ್ರೆ ಈ ಒಂದು ಪ್ರಶ್ನೆಯ ಸುತ್ತ ಬೆಳೆದಿದೆ. ನಿನಗೆ ಗಾಡಿ ಓಡಿಸಲು ಬರುತ್ತದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ನಿನಗೆ ಹೊಣೆ ಯಾರು ಎಂಬುದು ಮೊದಲ ಮಾತು.

ಕನ್ನಡದಲ್ಲಿ ಇದಕ್ಕೊಂದು ಹಳೆಯ ಪದವಿದೆ: ರಹದಾರಿ. 'ರಾಹ್' ಎಂದರೆ ಪಾರಸಿಯಲ್ಲಿ ದಾರಿ. ಮೊಘಲರ ಕಾಲದಲ್ಲಿ ದಾರಿ ಕಾಯುವುದಕ್ಕೆಂದು ವಸೂಲಿ ಮಾಡುತ್ತಿದ್ದ ಸುಂಕಕ್ಕೂ ಇದೇ ಹೆಸರು. ನಮ್ಮಲ್ಲಿ ಅದು ಸುಂಕದ ಅರ್ಥ ಕಳೆದುಕೊಂಡು ಅಪ್ಪಣೆ ಚೀಟಿಯಾಯಿತು. ಇಂದಿಗೂ ನಮ್ಮ ಸಾರಿಗೆ ಇಲಾಖೆಯ ಕನ್ನಡದಲ್ಲಿ ಬಸ್ಸು ಲಾರಿಗಳ ಪರ್ಮಿಟ್ಟನ್ನು ರಹದಾರಿ ಎಂದೇ ಬರೆಯುತ್ತಾರೆ. ಸುಂಕವೂ ಅಪ್ಪಣೆಯೂ ಒಂದೇ ಪದದಲ್ಲಿ ಸೇರಿಕೊಂಡಿರುವುದು ಆಕಸ್ಮಿಕವಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಮೈಸೂರಿನಲ್ಲಿ ಸಿಕ್ಕ ಓಲೆ

ಚಾಣಕ್ಯಪುರಿಗೆ ಆ ಹೆಸರು ಬಂದದ್ದು ಅರ್ಥಶಾಸ್ತ್ರವನ್ನು ಬರೆದನೆಂದು ನಾವು ನಂಬುವ ಕೌಟಿಲ್ಯನಿಂದ. ಈ ಗ್ರಂಥ ಎಷ್ಟೋ ಶತಮಾನ ಹೆಸರಾಗಿ ಮಾತ್ರ ಉಳಿದಿತ್ತು, ಪೂರ್ತಿ ಪಠ್ಯ ಕಣ್ಮರೆಯಾಗಿತ್ತು. ಅದು ಮತ್ತೆ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. 1905ರಲ್ಲಿ ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಶಾಸ್ತ್ರಿಗಳು, ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ತಾಳೆಗರಿಗಳಲ್ಲಿ ಅದನ್ನು ಗುರುತಿಸಿದರು. 1909ರಲ್ಲಿ ಸಂಸ್ಕೃತ ಪಠ್ಯ ಅಚ್ಚಾಯಿತು, 1915ರಲ್ಲಿ ಅವರದೇ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಇಂದು ದೆಹಲಿಯ ರಾಯಭಾರಿಗಳು ವಿಳಾಸ ಬರೆಯುವಾಗ ಬರೆದುಕೊಳ್ಳುವ ಹೆಸರಿನ ಹಿಂದೆ ಮೈಸೂರಿನ ಒಬ್ಬ ಗ್ರಂಥಪಾಲಕರ ಕಣ್ಣಿನ ಶ್ರಮವಿದೆ.

ಆ ಗ್ರಂಥದ ಎರಡನೆಯ ಅಧಿಕರಣದಲ್ಲಿ ರಾಜ್ಯದ ನಾನಾ ಅಧ್ಯಕ್ಷರ ಕೆಲಸಗಳನ್ನು ಹೇಳುವಾಗ ಮುದ್ರಾಧ್ಯಕ್ಷ ಎಂಬೊಬ್ಬ ಅಧಿಕಾರಿ ಬರುತ್ತಾನೆ. ಒಂದು ಮಾಷಕ ಶುಲ್ಕ ಪಡೆದು ಮುದ್ರೆ ಕೊಡುವುದು ಇವನ ಕೆಲಸ. ಮುದ್ರೆ ಇದ್ದವನು ನಾಡಿನ ಒಳಗೆ ಬರಬಹುದು, ಹೊರಗೆ ಹೋಗಬಹುದು. ನಾಡಿನವನೇ ಮುದ್ರೆಯಿಲ್ಲದೆ ಓಡಾಡಿದರೆ 12 ಪಣ ದಂಡ. ಸುಳ್ಳು ಮುದ್ರೆ ತೋರಿಸಿದರೆ ದಂಡ ಇನ್ನೂ ದೊಡ್ಡದು. ಅದೇ ತಪ್ಪನ್ನು ಪರದೇಶದವನು ಮಾಡಿದರೆ ಎಲ್ಲಕ್ಕಿಂತ ದೊಡ್ಡ ದಂಡ.

ಪರದೇಶಿಗೆ ಏಕೆ ಹೆಚ್ಚಿನ ದಂಡ? ಸ್ಥಳೀಯ ತಪ್ಪು ಮಾಡಿದರೆ ಅವನಿಗೊಂದು ಊರಿದೆ, ಮನೆಯಿದೆ, ಬಂಧುಗಳಿದ್ದಾರೆ, ನಾಳೆ ಹೋದರೂ ಸಿಗುತ್ತಾನೆ. ಪರದೇಶಿ ಇಂದು ರಾತ್ರಿ ಗಡಿ ದಾಟಿದರೆ ಮುಗಿಯಿತು. ಆದ್ದರಿಂದ ಅವನ ಕೈಯಲ್ಲಿನ ಮುದ್ರೆಯೊಂದೇ ರಾಜ್ಯಕ್ಕಿರುವ ಹಿಡಿತ. ಇಂದಿನ ಯಾವ ಬಾಡಿಗೆ ಕಾರಿನ ಅಂಗಡಿಯವನೂ ವಿದೇಶಿ ಗ್ರಾಹಕನ ಮುಂದೆ ಇದೇ ಲೆಕ್ಕ ಹಾಕುತ್ತಾನೆ. ಅದಕ್ಕೇ ಅವನು ಮೊದಲು ಕ್ರೆಡಿಟ್ ಕಾರ್ಡಿನಲ್ಲಿ ಠೇವಣಿ ಹಿಡಿದಿಟ್ಟುಕೊಂಡು ಆಮೇಲೆ ಕೀ ಕೊಡುತ್ತಾನೆ.

ಪ್ಯಾರಿಸಿನ ಒಪ್ಪಂದ

ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದ ಆ 1909ರಲ್ಲೇ, ಅಕ್ಟೋಬರ್ 11ರಂದು, ಪ್ಯಾರಿಸಿನಲ್ಲಿ ಮೋಟಾರು ವಾಹನಗಳ ಮೊದಲ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಬಿತ್ತು. ಯುರೋಪಿನಲ್ಲಿ ಅಷ್ಟು ಹೊತ್ತಿಗೆ ಕಾರಿದ್ದ ಸಿರಿವಂತರು ಬೇಸಿಗೆಗೆ ಒಂದು ದೇಶದಿಂದ ಇನ್ನೊಂದಕ್ಕೆ ಹೊರಡುತ್ತಿದ್ದರು. ಪ್ರತಿ ಗಡಿಯಲ್ಲೂ ಹೊಸದಾಗಿ ಪರೀಕ್ಷೆ, ಹೊಸದಾಗಿ ನೋಂದಣಿ ಎಂದರೆ ಪ್ರಯಾಣವೇ ಸಾಗದು. ನಿಮ್ಮ ದೇಶ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರವನ್ನು ನಾವು ನಂಬುತ್ತೇವೆ, ನಮ್ಮದನ್ನು ನೀವು ನಂಬಿ ಎಂಬುದು ಆ ಒಪ್ಪಂದದ ತಿರುಳು.

ಕಾರಿನ ಹಿಂಬದಿಗೆ ದೇಶ ಸೂಚಿಸುವ ಅಕ್ಷರಗಳ ಅಂಡಾಕಾರದ ಫಲಕ ಹಾಕುವ ಪದ್ಧತಿ ಅಲ್ಲಿಂದ ಬಂತು. ಬ್ರಿಟಿಷ್ ಇಂಡಿಯಾಕ್ಕೆ 'ಬಿಐ' ಎಂಬ ಗುರುತಿತ್ತು, ಸ್ವಾತಂತ್ರ್ಯದ ನಂತರ ಅದು 'ಐಎನ್‌ಡಿ' ಆಯಿತು. ಈಗಿನ ಹೊಸ ನಂಬರ್ ಪ್ಲೇಟುಗಳ ಎಡಬದಿಯಲ್ಲಿ ಚಿಕ್ಕದಾಗಿ ಕಾಣುವ ಮೂರು ಅಕ್ಷರಗಳು ಅವೇ. ರಸ್ತೆಯ ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು, ಈ ನಾಲ್ಕಕ್ಕೆ ಎಲ್ಲರಿಗೂ ಅರ್ಥವಾಗುವ ಚಿತ್ರಫಲಕಗಳೂ ಅದೇ ಒಪ್ಪಂದದಲ್ಲಿ ಹುಟ್ಟಿದವು. ಭಾಷೆ ಬಾರದವನೂ ಹಳ್ಳಕ್ಕೆ ಬೀಳಬಾರದು ಎಂಬುದು ಅವುಗಳ ಉದ್ದೇಶ.

1909ರ ಪತ್ರದಲ್ಲಿ ಕಾರೂ ಚಾಲಕನೂ ಒಟ್ಟಿಗೇ ಇದ್ದರು. 1926ರಲ್ಲಿ ಮತ್ತೆ ಪ್ಯಾರಿಸಿನಲ್ಲೇ ಸೇರಿ ಅವೆರಡನ್ನು ಬೇರೆ ಮಾಡಿದರು. ಮನುಷ್ಯನಿಗೊಂದು ಪತ್ರ, ಗಾಡಿಗೊಂದು ಪತ್ರ. ಗಾಡಿಯನ್ನು ಮನೆಯಲ್ಲಿ ಬಿಟ್ಟು ಪರದೇಶಕ್ಕೆ ಹೋಗಿ, ಅಲ್ಲಿ ಬಾಡಿಗೆ ಕಾರು ಹಿಡಿಯುವ ಇಂದಿನ ಪ್ರವಾಸಿ ನಿಂತಿರುವುದು ಈ ವಿಂಗಡಣೆಯ ಮೇಲೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರ ಸೆಪ್ಟೆಂಬರ್ 19ರಂದು, ಜಿನೀವಾದಲ್ಲಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ಹೊಸ ಒಪ್ಪಂದವಾಯಿತು. ಭಾರತ ಅದನ್ನು 1962ರಲ್ಲಿ ಅಧಿಕೃತವಾಗಿ ಅಂಗೀಕರಿಸಿತು. ನಮ್ಮ ಆರ್‌ಟಿಓ ಇಂದು ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಈ 1949ರ ಸಂತಾನ. 1968ರಲ್ಲಿ ವಿಯೆನ್ನಾದಲ್ಲಿ ಇನ್ನೊಂದು ಒಪ್ಪಂದವಾಯಿತು. ಲೋಕದ ದೇಶಗಳು ಈ ಎರಡರ ನಡುವೆ ಹಂಚಿಹೋಗಿವೆ.

ಕಾರ್ನೆ ಎಂಬ ಜಾಮೀನು

ಚಾಲಕನನ್ನು ನಂಬಿದ್ದಾಯಿತು. ಆದರೆ ಗಾಡಿ? ಇಲ್ಲಿ ಮತ್ತೆ ರಹದಾರಿಯ ಹಳೆಯ ಅರ್ಥವಾದ ಸುಂಕ ತಲೆ ಎತ್ತುತ್ತದೆ. ಪ್ರವಾಸಿ ಎಂದು ಹೇಳಿಕೊಂಡು ಕಾರು ತಂದವನು ಅದನ್ನು ಇಲ್ಲೇ ಮಾರಿ ವಿಮಾನ ಹತ್ತಿದರೆ ಆಮದು ಸುಂಕ ಹೋಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಪ್ರಯೋಜನವಿಲ್ಲ ಎಂದು ನಮ್ಮ ಗಾದೆ. ಬೆಂಗಳೂರಿನ ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರಿನಲ್ಲಿ ಇಂದಿಗೂ ಆ ಸುಂಕದವನು ಕೂತಿದ್ದಾನೆ. ಅವನಿಗೆ ಬೇಕಾದದ್ದು ಕಥೆಯಲ್ಲ, ಜಾಮೀನು.

ಆ ಜಾಮೀನಿನ ಹೆಸರು ಕಾರ್ನೆ. ಪೂರ್ತಿ ಹೆಸರು ಕಾರ್ನೆ ದ ಪಸಾಜ್ ಆಂ ದುವಾನ್. ಚೆಕ್ ಪುಸ್ತಕದಂತಹ ಒಂದು ಪುಸ್ತಕ. ಒಂದೊಂದು ಹಾಳೆಯಲ್ಲೂ ಮೂರು ತುಂಡು. ದೇಶದೊಳಗೆ ಬರುವಾಗ ಕಸ್ಟಮ್ಸಿನವರು ಒಂದು ತುಂಡು ಹರಿದುಕೊಳ್ಳುತ್ತಾರೆ, ಹೊರಡುವಾಗ ಇನ್ನೊಂದು. ಎರಡೂ ಮುದ್ರೆ ಬಿದ್ದ ಅಡಿತುಂಡು ಪುಸ್ತಕದಲ್ಲೇ ಉಳಿಯುತ್ತದೆ. ಗಾಡಿ ಬಂದಿತ್ತು, ಹೋಯಿತು ಎಂಬುದಕ್ಕೆ ಅದೇ ಸಾಕ್ಷಿ. ಗಾಡಿ ಹೊರಗೆ ಹೋಗದಿದ್ದರೆ ಸುಂಕ ಕಟ್ಟುವ ಹೊಣೆ ಪುಸ್ತಕ ಕೊಟ್ಟ ಆಟೋಮೊಬೈಲ್ ಸಂಸ್ಥೆಯದು. ಆ ಸಂಸ್ಥೆ ಮಾಲೀಕನಿಂದ ಮೊದಲೇ ದೊಡ್ಡ ಮೊತ್ತದ ಭದ್ರತೆ ಪಡೆದಿರುತ್ತದೆ. ಭಾರತದಲ್ಲಿ ಈ ಪುಸ್ತಕ ಕೊಡುವ ಕೆಲಸವನ್ನು 1919ರಲ್ಲಿ ಹುಟ್ಟಿದ, ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೋಮೊಬೈಲ್ ಅಸೋಸಿಯೇಷನ್ ಮಾಡುತ್ತ ಬಂದಿದೆ.

ಗಮನಿಸಿ, ಇದು ಸರ್ಕಾರ ಸರ್ಕಾರಗಳ ನಡುವಿನ ನಂಬಿಕೆಗಿಂತ ಒಂದು ಮೆಟ್ಟಿಲು ಕೆಳಗಿನದು. ಒಂದು ಊರಿನ ಕಾರು ಮಾಲೀಕರ ಸಂಘ, ಇನ್ನೊಂದು ದೇಶದ ಅಂಥದೇ ಸಂಘಕ್ಕೆ, ಇವನು ನಮ್ಮವನು ಎಂದು ಬರೆದುಕೊಟ್ಟ ಚೀಟಿ. ಹಳ್ಳಿಯಲ್ಲಿ ಸಾಲ ಕೊಡಿಸುವಾಗ ಹೇಳುವ 'ನಾನಿದ್ದೀನಿ ಕೊಡಿ' ಎಂಬ ಮಾತಿನ ಅಚ್ಚು ಹಾಕಿದ ರೂಪ.

ಲಂಡನ್ನಿನಿಂದ ದೆಹಲಿಗೆ ರಸ್ತೆ ಇದ್ದಾಗ

ಈ ಎರಡು ಪುಸ್ತಕಗಳನ್ನು, ಎಂದರೆ ಪರವಾನಗಿಯನ್ನೂ ಕಾರ್ನೆಯನ್ನೂ, ಜೇಬಿನಲ್ಲಿಟ್ಟುಕೊಂಡು ಯುರೋಪಿನಿಂದ ಭಾರತದವರೆಗೆ ನೆಲದ ಮೇಲೆಯೇ ಬರುತ್ತಿದ್ದ ಕಾಲವೊಂದಿತ್ತು. 1955ರ ಸೆಪ್ಟೆಂಬರ್‌ನಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಡ್ಜಿನ ಆರು ಯುವಕರು ಎರಡು ಲ್ಯಾಂಡ್ ರೋವರ್‌ಗಳಲ್ಲಿ ಲಂಡನ್ ಬಿಟ್ಟು, ಭಾರತ, ಬರ್ಮಾ ದಾಟಿ, ಮರುವರ್ಷ ಮಾರ್ಚ್‌ನಲ್ಲಿ ಸಿಂಗಪುರ ತಲುಪಿದರು. 1957ರ ಏಪ್ರಿಲ್ 15ರಂದು 'ಇಂಡಿಯಾಮನ್' ಎಂಬ ಬಸ್ಸು 20 ಪ್ರಯಾಣಿಕರೊಂದಿಗೆ ಲಂಡನ್ನಿನಿಂದ ಹೊರಟು, ಟರ್ಕಿ, ಇರಾನ್, ಪಾಕಿಸ್ತಾನ ದಾಟಿ, ಜೂನ್ 5ರಂದು ಕಲ್ಕತ್ತಾಕ್ಕೆ ಬಂತು. ಹೋಗುವ ಟಿಕೆಟ್ಟಿನ ಬೆಲೆ 85 ಪೌಂಡ್. 1972ರಲ್ಲಿ ಟೋನಿ ಮತ್ತು ಮೌರೀನ್ ವೀಲರ್ ಎಂಬ ದಂಪತಿ ಹಳೆಯ ಮಿನಿವ್ಯಾನೊಂದನ್ನು ಲಂಡನ್ನಿನಿಂದ ಕಾಬೂಲಿನವರೆಗೆ ಓಡಿಸಿ, ಅಲ್ಲಿ ಮಾರಿ, ಮುಂದೆ ಸಿಕ್ಕಸಿಕ್ಕ ವಾಹನದಲ್ಲಿ ಆಸ್ಟ್ರೇಲಿಯಾ ಸೇರಿದರು. ಆ ಅನುಭವದಿಂದ ಅವರು ಬರೆದ ಕಿರುಪುಸ್ತಕವೇ ಮುಂದೆ ಲೋನ್ಲಿ ಪ್ಲಾನೆಟ್ ಎಂಬ ದೊಡ್ಡ ಪ್ರಕಾಶನವಾಯಿತು.

ಈ ಕಾಲಕ್ಕೇ ಚಾಣಕ್ಯಪುರಿ ಮೇಲೇಳುತ್ತಿತ್ತು. ಸ್ವತಂತ್ರ ಭಾರತಕ್ಕೆ ಬಂದ ರಾಯಭಾರಿಗಳಿಗೆಂದು 1950ರ ದಶಕದಲ್ಲಿ ನೆಲ ಅಳೆದು ಹಂಚಿದರು. ರಸ್ತೆಗಳಿಗೆ ಶಾಂತಿ, ನೀತಿ, ನ್ಯಾಯ, ಸತ್ಯ, ವಿನಯ, ಪಂಚಶೀಲ ಎಂದು ಹೆಸರಿಟ್ಟರು. ಎಡ್ವರ್ಡ್ ಡ್ಯುರೆಲ್ ಸ್ಟೋನ್ ವಿನ್ಯಾಸ ಮಾಡಿದ ಅಮೆರಿಕದ ರಾಯಭಾರ ಕಚೇರಿ 1959ರಲ್ಲಿ ತೆರೆಯಿತು. ರಸ್ತೆಯಲ್ಲಿ ಪಯಣಿಸುವವನಿಗೆ ಇಂಥ ಬಡಾವಣೆ ಬಹಳ ಮುಖ್ಯ. ವಿಮಾನದವನಿಗೆ ಹೊರಡುವ ದೇಶ, ಇಳಿಯುವ ದೇಶ ಎರಡೇ ಲೆಕ್ಕ. ನೆಲದ ಮೇಲೆ ಹೋಗುವವನಿಗೆ ನಡುವಿನ ಪ್ರತಿ ದೇಶದ ಅಪ್ಪಣೆಯೂ ಬೇಕು. ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದ ಕಚೇರಿಗಳಿರುವುದು ಶಾಂತಿಪಥದಲ್ಲಿ, ಬರ್ಮಾದ್ದು ನ್ಯಾಯ ಮಾರ್ಗದಲ್ಲಿ. ಒಂದು ನಕ್ಷೆಯನ್ನು ಮಡಚಿ ನಾಲ್ಕು ರಸ್ತೆಗಳೊಳಗೆ ಇಟ್ಟಂತೆ.

ಅದೇ ನ್ಯಾಯ ಮಾರ್ಗದಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ರಾಷ್ಟ್ರೀಯ ಕಚೇರಿ, ತಂಗುದಾಣ ಎರಡೂ ಇವೆ. ಕಡಿಮೆ ಖರ್ಚಿನಲ್ಲಿ ಲೋಕ ಸುತ್ತುವ ಯುವಜನರಿಗಾಗಿ ಹುಟ್ಟಿದ ಆ ಸಂಘ ಭಾರತದ ಮಟ್ಟದಲ್ಲಿ ರೂಪುಗೊಂಡದ್ದು 1949ರಲ್ಲಿ, ಮೈಸೂರಿನಲ್ಲಿ. ಚಾಣಕ್ಯಪುರಿಗೂ ಮೈಸೂರಿಗೂ ಇದು ಎರಡನೇ ನಂಟು.

ಆ ದಾರಿಯ ಚಾಲಕರಿಗೆ ವಿಚಿತ್ರವಾದ ಒಂದು ಪರೀಕ್ಷೆಯಿತ್ತು. ಇಂಗ್ಲೆಂಡಿನಲ್ಲಿ ರಸ್ತೆಯ ಎಡಕ್ಕೆ ಓಡಿಸಿದವರು ಕಾಲುವೆ ದಾಟುತ್ತಿದ್ದಂತೆ ಬಲಕ್ಕೆ ಸರಿಯಬೇಕು. ಅಫ್ಘಾನಿಸ್ತಾನದವರೆಗೂ ಬಲ. ಖೈಬರ್ ಕಣಿವೆಯ ಬಾಯಲ್ಲಿ, ತೋರ್ಖಂ ಗಡಿಯಲ್ಲಿ, ಪಾಕಿಸ್ತಾನದೊಳಗೆ ಚಕ್ರ ಇಟ್ಟ ಕೂಡಲೇ ಮತ್ತೆ ಎಡ. ವಾರಗಟ್ಟಲೆ ಕೈಗೆ ಹತ್ತಿದ ಅಭ್ಯಾಸವನ್ನು ಒಂದು ಗೇಟಿನ ಅಂತರದಲ್ಲಿ ಬಿಡಬೇಕು. ಮೊದಲ ತಿರುವಿನಲ್ಲಿ, ಊಟ ಮುಗಿಸಿ ಮತ್ತೆ ಹೊರಟ ಮೊದಲ ನಿಮಿಷದಲ್ಲಿ, ಎದುರಿಗೆ ಯಾರೂ ಇಲ್ಲದ ಖಾಲಿ ರಸ್ತೆಯಲ್ಲಿ ಕೈ ಹಳೆಯ ಕಡೆಗೇ ಎಳೆಯುತ್ತದೆ. ದೇಶಗಳೂ ಪಕ್ಕ ಬದಲಿಸಿದ್ದಿದೆ. ಸ್ವೀಡನ್ 1967ರ ಸೆಪ್ಟೆಂಬರ್ 3ರಂದು ಒಂದೇ ದಿನದಲ್ಲಿ ಎಡದಿಂದ ಬಲಕ್ಕೆ ಹೋಯಿತು, ಬರ್ಮಾ 1970ರಲ್ಲಿ. ಇಂದಿಗೂ ನಮ್ಮ ಮಣಿಪುರದ ಮೋರೆ ದಾಟಿದರೆ ಆಚೆ ಬಲ.

ಮುಚ್ಚಿದ ಗೇಟುಗಳು

ಭಾರತ ಪಾಕಿಸ್ತಾನಗಳ ನಡುವಿನ ಗಡಿ 1965ರ ಮತ್ತು 1971ರ ಯುದ್ಧಗಳಲ್ಲಿ ಮುಚ್ಚಿತು, ಆಮೇಲೆ ತೆರೆಯಿತು. ಆದರೆ 1979 ಇಡೀ ದಾರಿಯನ್ನೇ ಮುರಿಯಿತು. ವರ್ಷದ ಆರಂಭದಲ್ಲಿ ಇರಾನಿನಲ್ಲಿ ಕ್ರಾಂತಿ, ಕೊನೆಯಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನದೊಳಗೆ. ಡಾಂಬರು ಅಲ್ಲೇ ಇತ್ತು. ಜಿನೀವಾದ ಒಪ್ಪಂದ ಹಾಗೆಯೇ ಇತ್ತು, ಕಾರ್ನೆ ಪುಸ್ತಕ ಅಚ್ಚಾಗುತ್ತಲೇ ಇತ್ತು. ಆದರೆ ಪುಸ್ತಕದ ಹಿಂದಿನ 'ನಾನಿದ್ದೀನಿ' ಎಂಬ ಮಾತಿಗೆ ಬೆಲೆ ಕೊಡುವವರು ನಡುದಾರಿಯಲ್ಲಿ ಇರಲಿಲ್ಲ. ಲಂಡನ್ ದೆಹಲಿ ಬಸ್ಸುಗಳು ನಿಂತವು.

ಮುಂದೆ ಒಮ್ಮೊಮ್ಮೆ ಗೇಟು ತೆರೆದದ್ದೂ ಉಂಟು. 1999ರ ಫೆಬ್ರವರಿಯಲ್ಲಿ ಪ್ರಧಾನಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರಿಗೆ ಹೋದರು. ಬಳಿಕ ನಿಯಮಿತ ಬಸ್ಸು ಓಡಿತು, ನಿಂತಿತು, ಮತ್ತೆ ಓಡಿತು, 2019ರ ಆಗಸ್ಟ್‌ನಲ್ಲಿ ಮತ್ತೆ ನಿಂತಿತು. ಪೂರ್ವಕ್ಕೆ 2004ರಲ್ಲಿ ಗುವಾಹಟಿಯಿಂದ ಆಗ್ನೇಯ ಏಷ್ಯಾಕ್ಕೆ ಕಾರುಗಳ ರ್‍ಯಾಲಿ ಹೊರಟು ಇಂಡೋನೇಷ್ಯಾ ಮುಟ್ಟಿತು. ಮೋರೆಯಿಂದ ಮ್ಯಾನ್ಮಾರ್ ಮೂಲಕ ಥಾಯ್ಲೆಂಡಿನ ಮೇ ಸೋಟ್‌ವರೆಗಿನ ಸುಮಾರು 1,360 ಕಿ.ಮೀ. ಹೆದ್ದಾರಿ ಇನ್ನೂ ಪೂರ್ತಿಯಾಗಿಲ್ಲ. 2015ರ ಜೂನ್‌ನಲ್ಲಿ ಥಿಂಪುವಿನಲ್ಲಿ ಭಾರತ, ಭೂತಾನ್, ಬಾಂಗ್ಲಾದೇಶ, ನೇಪಾಳಗಳು ವಾಹನ ಸಂಚಾರದ ಒಪ್ಪಂದಕ್ಕೆ ಸಹಿ ಹಾಕಿದವು. ಭೂತಾನದ ಸಂಸತ್ತು ಅದನ್ನು ಒಪ್ಪಲಿಲ್ಲ. ಪುಟ್ಟ ದೇಶದ ರಸ್ತೆಗಳಿಗೆ ದೊಡ್ಡ ದೇಶದ ಗಾಡಿಗಳು ನುಗ್ಗಿದರೆ ಏನು ಗತಿ ಎಂಬುದು ಅವರ ಆತಂಕ. ದಾರಿ ಬಿಡುವವನಿಗೂ ಒಂದು ಲೆಕ್ಕವಿರುತ್ತದೆ.

ಹಾಗಾಗಿ ಕೆಎ ನಂಬರಿನ ಸ್ವಂತ ಕಾರಿನಲ್ಲಿ ಸಲೀಸಾಗಿ ಹೋಗಬಹುದಾದ ಪರದೇಶ ನಮಗೆ ಮುಖ್ಯವಾಗಿ ನೇಪಾಳ. ಗಡಿಯಲ್ಲಿ ದಿನದ ಲೆಕ್ಕದಲ್ಲಿ ಸುಂಕ ಕಟ್ಟಿದರೆ ಚೀಟಿ ಕೊಡುತ್ತಾರೆ. ಅವರು ಅದನ್ನು ಭನ್ಸಾರ್ ಎನ್ನುತ್ತಾರೆ. ನಮ್ಮ ಲೈಸೆನ್ಸೇ ಅಲ್ಲಿ ಸಾಕು. ಕಠ್ಮಂಡುವಿನ ಪಶುಪತಿನಾಥನಿಗೆ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯಿಂದಲೇ ಹೋದವರು. ಅವರ ಹಿರಿಯರು ನಡೆದ ದಾರಿಗೆ ಯಾವ ಒಪ್ಪಂದವೂ ಇರಲಿಲ್ಲ. ದೇವರ ಹೆಸರೇ ರಹದಾರಿ.

ಈಗ ನಮ್ಮ ಸರದಿ

ಹಿಂದೆ ಪರದೇಶದವರು ಇಲ್ಲಿಗೆ ಗಾಡಿ ಓಡಿಸಿಕೊಂಡು ಬರುತ್ತಿದ್ದರು. ಈಗ ಹುಬ್ಬಳ್ಳಿ, ಮಂಗಳೂರು, ಬೆಂಗಳೂರಿನ ಮನೆಗಳವರು ನ್ಯೂಜಿಲೆಂಡಿಗೋ ಜಪಾನಿಗೋ ಹೋಗಿ ಬಾಡಿಗೆ ಕಾರು ಹಿಡಿಯುತ್ತಾರೆ. ಅದಕ್ಕೆ ಮಾಡಬೇಕಾದ್ದು ನಮ್ಮ ವಾಸಸ್ಥಳದ ಆರ್‌ಟಿಓಗೆ ನಮೂನೆ 4ಎ ಯಲ್ಲಿ ಅರ್ಜಿ ಹಾಕಿ, 1,000 ರೂಪಾಯಿ ಶುಲ್ಕ ಕಟ್ಟುವುದು. ಪರವಾನಗಿಯ ಅವಧಿ ಒಂದು ವರ್ಷ. ಮೂಲ ಲೈಸೆನ್ಸು ಅದಕ್ಕಿಂತ ಮೊದಲೇ ಮುಗಿಯುವುದಾದರೆ ಅಲ್ಲಿಯವರೆಗೆ ಮಾತ್ರ. ಊರಿನ ಲೈಸೆನ್ಸನ್ನೂ ಜೊತೆಗೆ ಒಯ್ಯಬೇಕು, ಏಕೆಂದರೆ ಈ ಪುಸ್ತಕ ಅದರ ನೆರಳು ಮಾತ್ರ. 2021ರ ಜನವರಿಯಿಂದ, ಪರದೇಶದಲ್ಲಿರುವಾಗಲೇ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ನವೀಕರಣ ಕೇಳಬಹುದು. 2022ರ ಆಗಸ್ಟ್‌ನಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ ಮಾಡಿ, ಕ್ಯೂಆರ್ ಕೋಡ್ ಸೇರಿಸಿದರು.

ಈ ಪುಸ್ತಕ ಎಲ್ಲಿ ನಡೆಯುತ್ತದೆ ಎಂಬುದಕ್ಕೆ ಮತ್ತೆ ಶಾಂತಿಪಥಕ್ಕೇ ಬರೋಣ. ಅಲ್ಲಿ ಜಪಾನಿನ ಕಚೇರಿಯಿದೆ, ಚೀನಾದ ಕಚೇರಿಯೂ ಇದೆ. ಜಪಾನ್ 1949ರ ಒಪ್ಪಂದದ ನಮೂನೆಯ ಪರವಾನಗಿಯನ್ನು ಒಪ್ಪುತ್ತದೆ. 1968ರ ನಮೂನೆಯದನ್ನು ಒಪ್ಪುವುದಿಲ್ಲ. ಹೀಗಾಗಿ ನಮ್ಮ ಪುಸ್ತಕ ಅಲ್ಲಿ ಸಲ್ಲುತ್ತದೆ, ಕೆಲವು ಯುರೋಪಿಯನ್ ದೇಶಗಳದ್ದು ಸಲ್ಲುವುದಿಲ್ಲ. ಚೀನಾ ಯಾವ ನಮೂನೆಯ ಅಂತರರಾಷ್ಟ್ರೀಯ ಪರವಾನಗಿಯನ್ನೂ ಒಪ್ಪುವುದಿಲ್ಲ. ಅಲ್ಲಿ ಓಡಿಸಬೇಕೆಂದರೆ ಅಲ್ಲಿಯದೇ ತಾತ್ಕಾಲಿಕ ಲೈಸೆನ್ಸು ಬೇಕು. ಒಂದೇ ರಸ್ತೆಯ ಎರಡು ಕಟ್ಟಡಗಳಿಗೆ ನಮ್ಮ ಕೈಯಲ್ಲಿನ ಒಂದೇ ಪುಸ್ತಕ ಎರಡು ಬೆಲೆಯದು. ನಮ್ಮ ಚಾಲನೆಯ ಕೌಶಲ ಎರಡೂ ಕಡೆ ಅಷ್ಟೇ ಇದ್ದರೂ.

ನೀಲಿ ಪ್ಲೇಟಿನವರಿಗೂ ನಮಗೂ ಇರುವ ದೊಡ್ಡ ಅಂತರ ಇಲ್ಲಿಯೇ ಹೇಳಬೇಕು. ರಾಜತಾಂತ್ರಿಕರಿಗೆ 1961ರ ವಿಯೆನ್ನಾ ಒಪ್ಪಂದದ ರಕ್ಷಣೆಯಿದೆ. ಆತಿಥೇಯ ದೇಶ ಅವರನ್ನು ಬಂಧಿಸುವಂತಿಲ್ಲ. ಪ್ರವಾಸಿಗೆ ಅಂಥ ಯಾವ ಕವಚವೂ ಇಲ್ಲ. ಅಂತರರಾಷ್ಟ್ರೀಯ ಪರವಾನಗಿ ಓಡಿಸುವ ಅಪ್ಪಣೆ ಕೊಡುತ್ತದೆಯೇ ಹೊರತು ಅಲ್ಲಿನ ಕಾನೂನಿನಿಂದ ವಿನಾಯಿತಿ ಕೊಡುವುದಿಲ್ಲ. ಎಡ ಬಲ ಮರೆತು ಒಬ್ಬರಿಗೆ ಗುದ್ದಿದರೆ, 'ನಮ್ಮೂರಲ್ಲಿ ಹೀಗೆಯೇ' ಎಂಬುದು ಸಮಜಾಯಿಷಿಯಲ್ಲ. ಗಾಯವಾದವರಿಗೆ ನಾವು ಪ್ರವಾಸಿಗಳೋ ರಾಯಭಾರಿಗಳೋ ಎಂಬುದರಿಂದ ನೋವು ಕಡಿಮೆಯಾಗುವುದಿಲ್ಲ.

1949ರ ಒಪ್ಪಂದ ಇದನ್ನು ಮುಂಚೆಯೇ ಯೋಚಿಸಿತ್ತು. ಅದು ಗೊತ್ತುಮಾಡಿದ ನಮೂನೆಯಲ್ಲಿ ಹೆಸರು, ಹುಟ್ಟಿದ ದಿನ, ಫೋಟೋ, ಯಾವ ಯಾವ ಬಗೆಯ ವಾಹನ ಎಂಬ ವಿವರಗಳ ಜೊತೆಗೆ ಇನ್ನೊಂದು ಜಾಗವಿದೆ. ಈ ಪರವಾನಗಿ ಹೊಂದಿದವರು ಇಂಥ ದೇಶದಲ್ಲಿ, ಇಂಥ ಕಾರಣಕ್ಕೆ, ಗಾಡಿ ಓಡಿಸುವ ಹಕ್ಕು ಕಳೆದುಕೊಂಡಿದ್ದಾರೆ ಎಂದು ಆ ದೇಶದ ಅಧಿಕಾರಿ ಬರೆದು ಮುದ್ರೆ ಒತ್ತುವ ಜಾಗ. ಒಂದಲ್ಲ, ಹಲವು ದೇಶಗಳಿಗೆ ಸಾಲಾಗಿ ಬಿಟ್ಟ ಜಾಗ. ಕೌಟಿಲ್ಯನ ದಂಡದ ಪಟ್ಟಿಯ ಬದಲು ಇಲ್ಲಿ ಖಾಲಿ ಗೆರೆಗಳಿವೆ.

ಬಹುಪಾಲು ಪ್ರವಾಸಿಗಳು ಆ ಪುಟವನ್ನು ನೋಡುವುದೇ ಇಲ್ಲ. ಅದು ಖಾಲಿಯಾಗಿಯೇ ಹೋಗುತ್ತದೆ, ಖಾಲಿಯಾಗಿಯೇ ಊರಿಗೆ ಮರಳುತ್ತದೆ. 1909ರಿಂದ ಈವರೆಗೆ ಅಪರಿಚಿತರ ರಸ್ತೆಗಳಲ್ಲಿ ಅಪರಿಚಿತರು ಓಡಾಡಲು ಸಾಧ್ಯವಾಗಿರುವುದು ಲಕ್ಷಾಂತರ ಜನರ ಪುಸ್ತಕಗಳಲ್ಲಿ ಅದು ಖಾಲಿ ಉಳಿದಿದ್ದರಿಂದ. ಮುಂದಿನ ಸಲ ನೀವು ಪರವಾನಗಿ ಮಾಡಿಸಿದಾಗ, ನಿಮ್ಮ ಫೋಟೋ ಸರಿ ಬಂದಿದೆಯೇ ಎಂದು ನೋಡಿದ ಮೇಲೆ, ಆ ಜಾಗವನ್ನೂ ಒಮ್ಮೆ ಹುಡುಕಿ ನೋಡಿ. ನಿಮ್ಮ ಪರವಾಗಿ ಆರ್‌ಟಿಓ ಗುಮಾಸ್ತರಿಂದ ಹಿಡಿದು ಶಾಂತಿಪಥದ ರಾಯಭಾರಿಯವರೆಗೆ ಯಾರೆಲ್ಲ ಮಾತು ಕೊಟ್ಟಿದ್ದಾರೋ, ಅವರ ಮಾತು ಉಳಿಯುವುದು ಆ ಜಾಗದಲ್ಲಿ ಯಾರೂ ಏನನ್ನೂ ಬರೆಯದಿದ್ದಾಗ.